ಕೈ ಶುದ್ಧವಿಲ್ಲ ಎಂಬ ಮಾತಿನ ಅರ್ಥ

ಕಾಸರಗೋಡಿನ ವಿದ್ಯಾನಗರದ ನ್ಯಾಯಾಲಯಗಳಲ್ಲಿ ವಕೀಲಿ ಮಾಡುತ್ತಿರುವ ನನ್ನ ಬಳಿಗೆ ಜಾಗದ ತಕರಾರುಗಳು ಬರುವಷ್ಟು ಮಾನಹಾನಿಯ ಪ್ರಕರಣಗಳು ಬರುವುದಿಲ್ಲ. ಆದರೆ ಬಂದವುಗಳ ಪೈಕಿ ಎರಡು ಪ್ರಕರಣಗಳು ಸಾರ್ವಜನಿಕ ಹುದ್ದೆಯಲ್ಲಿರುವವರ ಮಾನಕ್ಕೂ ಖಾಸಗಿ ವ್ಯಕ್ತಿಯ ಮಾನಕ್ಕೂ ಕಾನೂನು ಮಾಡುವ ವ್ಯತ್ಯಾಸವನ್ನು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ನನಗೆ ಕಲಿಸಿದವು. ಕಕ್ಷಿದಾರರ ಗುರುತು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿ ಅವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದರಲ್ಲಿ ನಾನು ಆರೋಪಿಯ ಪರವಾಗಿದ್ದೆ. ಗಡಿಭಾಗದ ಒಂದು ಪಂಚಾಯತಿನ ನಿವಾಸಿಯೊಬ್ಬರು ತಮ್ಮ ವಾರ್ಡಿನ ಸದಸ್ಯರ ವಿರುದ್ಧ ಕನ್ನಡದಲ್ಲಿ ಕರಪತ್ರ ಅಚ್ಚು ಹಾಕಿಸಿ ಹಂಚಿದ್ದರು. ಕಾಂಕ್ರೀಟು ರಸ್ತೆಯ ಉದ್ದವನ್ನು ಹೆಚ್ಚಿಗೆ ತೋರಿಸಿ ಬಿಲ್ಲು ಪಾಸಾಗಲು ಸದಸ್ಯರು ನೆರವಾಗಿದ್ದಾರೆ ಎಂಬುದು ಕರಪತ್ರದ ಮುಖ್ಯ ಆಪಾದನೆ. ಕೊನೆಯ ಎರಡು ಸಾಲುಗಳಲ್ಲಿ ಮಾತ್ರ ಸದಸ್ಯರು ಮನೆಯಲ್ಲಿ ಹೆಂಡತಿಯನ್ನು ನಡೆಸಿಕೊಳ್ಳುವ ಬಗೆಯನ್ನು ಕುರಿತು ಕಟುವಾದ ಮಾತಿತ್ತು. ಸದಸ್ಯರು ಭಾರತೀಯ ದಂಡ ಸಂಹಿತೆಯ 500ನೇ ಕಲಮಿನ ಅಡಿಯಲ್ಲಿ ಖಾಸಗಿ ದೂರು ಹೂಡಿದ್ದರು.

ನಾನು ಆ ಕರಪತ್ರವನ್ನು ಮೇಜಿನ ಮೇಲಿಟ್ಟು ಪೆನ್ಸಿಲಿನಲ್ಲಿ ಒಂದು ಅಡ್ಡಗೆರೆ ಎಳೆದೆ. ಗೆರೆಯ ಮೇಲಿರುವುದು ಹುದ್ದೆಗೆ ಸಂಬಂಧಿಸಿದ್ದು. ಕೆಳಗಿರುವುದು ಮನೆಗೆ ಸಂಬಂಧಿಸಿದ್ದು. ನಮ್ಮ ದೇಶದಲ್ಲಿ ಸಾರ್ವಜನಿಕ ವ್ಯಕ್ತಿ ಯಾರು ಎಂಬುದಕ್ಕೆ ಮಾನಹಾನಿಯ ಕಲಮಿನಲ್ಲಿ ವ್ಯಾಖ್ಯೆ ಇಲ್ಲ. ಇರುವುದು ಹತ್ತು ಅಪವಾದಗಳು, ಅಂದರೆ ಮಾನಹಾನಿಯೆನಿಸದ ಸಂದರ್ಭಗಳು. ಅವುಗಳಲ್ಲಿ ಎರಡನೆಯದು ಸಾರ್ವಜನಿಕ ನೌಕರನು ತನ್ನ ಸಾರ್ವಜನಿಕ ಕರ್ತವ್ಯದಲ್ಲಿ ನಡೆದುಕೊಂಡ ರೀತಿಯ ಬಗ್ಗೆ, ಮೂರನೆಯದು ಯಾವನೇ ವ್ಯಕ್ತಿಯು ಸಾರ್ವಜನಿಕ ಪ್ರಶ್ನೆಯೊಂದರಲ್ಲಿ ನಡೆದುಕೊಂಡ ರೀತಿಯ ಬಗ್ಗೆ, ಸದ್ಭಾವನೆಯಿಂದ ಹೇಳಿದ ಅಭಿಪ್ರಾಯವನ್ನು ರಕ್ಷಿಸುತ್ತವೆ. ಅಂದರೆ ಕಾನೂನು ನೋಡುವುದು ವ್ಯಕ್ತಿಯ ಸ್ಥಾನವನ್ನಷ್ಟೇ ಅಲ್ಲ, ಆಡಿದ ಮಾತು ಅವನ ಬದುಕಿನ ಯಾವ ಭಾಗವನ್ನು ಮುಟ್ಟಿದೆ ಎಂಬುದನ್ನು. ಒಬ್ಬನೇ ಮನುಷ್ಯ ಗೆರೆಯ ಮೇಲೆ ಸಾರ್ವಜನಿಕನಾಗಿ, ಕೆಳಗೆ ಖಾಸಗಿಯಾಗಿ ಉಳಿಯಬಹುದು.

ಈ ವಿವೇಚನೆಗೆ ಬಲವಾದ ಆಧಾರ 1994ರ ಆರ್. ರಾಜಗೋಪಾಲ್ ಪ್ರಕರಣದ ತೀರ್ಪು. ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್‌ನ ಆತ್ಮಕಥೆಯನ್ನು ತಮಿಳು ವಾರಪತ್ರಿಕೆಯೊಂದು ಪ್ರಕಟಿಸದಂತೆ ಅಧಿಕಾರಿಗಳು ತಡೆಯಲೆತ್ನಿಸಿದಾಗ ಸುಪ್ರೀಂ ಕೋರ್ಟು ಅದಕ್ಕೆ ಒಪ್ಪಲಿಲ್ಲ. ಅಧಿಕಾರಿಯು ತನ್ನ ಕರ್ತವ್ಯಕ್ಕೆ ಸಂಬಂಧಿಸಿದ ನಡತೆಯ ಬಗ್ಗೆ ಪ್ರಕಟವಾದ ಸಂಗತಿ ಸುಳ್ಳಾಗಿದ್ದರೂ, ಅದನ್ನು ಸತ್ಯದ ಪರಿವೆಯೇ ಇಲ್ಲದೆ ಪ್ರಕಟಿಸಲಾಗಿದೆ ಎಂದು ತೋರಿಸದ ಹೊರತು ನಷ್ಟ ಪರಿಹಾರ ಪಡೆಯಲಾರ. ಪ್ರಕಟಿಸಿದವನು ತಕ್ಕಮಟ್ಟಿಗೆ ಪರಿಶೀಲಿಸಿದ್ದೇನೆಂದು ತೋರಿಸಿದರೆ ಸಾಕು ಎಂದು ಅದು ಹೇಳಿತು. ಸರಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ತನ್ನ ಮಾನ ಹೋಯಿತೆಂದು ಪರಿಹಾರದ ದಾವೆ ಹೂಡುವಂತೆಯೂ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1964ರ ಸಲಿವನ್ ಪ್ರಕರಣದಲ್ಲಿ ಹಾಕಿಕೊಟ್ಟ ತತ್ತ್ವದ ನೆರಳು ಇದರಲ್ಲಿದೆ. ಆದರೆ ರಾಜಗೋಪಾಲ್ ತೀರ್ಪು ಹೇಳಿದ್ದು ಸಿವಿಲ್ ಪರಿಹಾರದ ಬಗ್ಗೆ. ಕ್ರಿಮಿನಲ್ ದೂರಿನಲ್ಲಿ ಸತ್ಯವೊಂದೇ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. 2016ರಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕ್ರಿಮಿನಲ್ ಮಾನಹಾನಿಯ ಕಲಮನ್ನು ಎತ್ತಿಹಿಡಿದ ಮೇಲೆ ಆ ಹೊರೆಯಿಂದ ನಮಗೆ ಬಿಡುಗಡೆ ಇಲ್ಲ.

ಆದ್ದರಿಂದ ನಾನು ಕಕ್ಷಿದಾರರೊಂದಿಗೆ ಟೇಪು ಹಿಡಿದು ಆ ರಸ್ತೆಗೆ ಹೋದೆ. ಮಾಹಿತಿ ಹಕ್ಕಿನಡಿ ಪಡೆದ ಬಿಲ್ಲಿನ ನಕಲಿನಲ್ಲಿ 80 ಮೀಟರ್ ಎಂದಿತ್ತು. ಕಾಂಕ್ರೀಟು ಇದ್ದುದು 52 ಮೀಟರ್ ಮಾತ್ರ. ಆ ನಕಲಿನ ಮೇಲಿದ್ದ ದಿನಾಂಕ ಕರಪತ್ರ ಅಚ್ಚಾದ ದಿನಕ್ಕಿಂತ ಹಿಂದಿನದು. ಆ ದಿನಾಂಕವೇ ನಮ್ಮ ಸದ್ಭಾವನೆಗೆ ಸಾಕ್ಷಿಯಾಯಿತು, ಏಕೆಂದರೆ ಕಾನೂನಿನ ಕಣ್ಣಿನಲ್ಲಿ ಸದ್ಭಾವನೆ ಎಂದರೆ ಒಳ್ಳೆಯ ಮನಸ್ಸು ಮಾತ್ರವಲ್ಲ, ಹೇಳುವ ಮೊದಲು ವಹಿಸಿದ ಎಚ್ಚರಿಕೆ. ಹೆಂಡತಿಯ ಕುರಿತ ಸಾಲುಗಳಿಗೆ ನಮ್ಮಲ್ಲಿ ಊರ ಮಾತಿನ ಹೊರತು ಏನೂ ಇರಲಿಲ್ಲ. ಅವುಗಳಿಗೆ ಲಿಖಿತವಾಗಿ ಕ್ಷಮೆ ಕೇಳಿ ಎಂದಾಗ ಕಕ್ಷಿದಾರರಿಗೆ ಸಿಟ್ಟು ಬಂತು. ಆ ಹೆಂಗಸು ಪಂಚಾಯತಿನ ಯಾವ ಕಡತದಲ್ಲಿಯೂ ಇಲ್ಲ, ಆಕೆಯನ್ನು ನೀವೇಕೆ ಬೀದಿಗೆ ತಂದಿರಿ ಎಂದು ಕೇಳಿದ ಮೇಲೆ ಅವರು ಸುಮ್ಮನಾದರು. ಕ್ಷಮಾಪಣೆ ಆ ಎರಡು ಸಾಲುಗಳಿಗೆ ಮಾತ್ರ ಸೀಮಿತವಾಗಿ, ರಸ್ತೆಯ ಮಾತು ಹಾಗೆಯೇ ಉಳಿದು, ಪ್ರಕರಣ ರಾಜಿಯಾಯಿತು.

ಎರಡನೆಯ ಪ್ರಕರಣದಲ್ಲಿ ನಾನು ದೂರುದಾರರ ಪರ. ಅವರು ಜೆಂಬ್ರದ, ಅಂದರೆ ಮದುವೆ ಉಪನಯನಗಳಂಥ ಸಮಾರಂಭಗಳ, ಅಡುಗೆಯವರು. ಮದುವೆಮನೆಯೊಂದರಲ್ಲಿ ಚಿನ್ನದ ಸರ ಕಾಣೆಯಾದಾಗ, ಆ ಮನೆಯ ಸಂಬಂಧಿಕರೊಬ್ಬರು ವಾಟ್ಸಾಪ್ ಗುಂಪಿನಲ್ಲಿ ಧ್ವನಿ ಸಂದೇಶ ಹಾಕಿದ್ದರು: “ಅಡುಗೆ ಎಲ್ಲ ಒಳ್ಳೆಯದೇ, ಆದರೆ ಅವರ ಕೈ ಶುದ್ಧ ಇಲ್ಲ, ಕರೆಯುವವರು ನೋಡಿಕೊಳ್ಳಿ.” ಅನಂತರ ಒಪ್ಪಿಕೊಂಡಿದ್ದ ಜೆಂಬ್ರಗಳು ಒಂದೊಂದಾಗಿ ತಪ್ಪಿಹೋದವು. “ಮೂವತ್ತು ವರ್ಷ ಸಟ್ಟುಗ ಹಿಡಿದ ಕೈ ವಕೀಲರೇ ಇದು” ಎಂದು ಅವರು ತಮ್ಮ ಬಲಗೈಯನ್ನು ನನ್ನ ಮುಂದೆ ಚಾಚಿದ್ದನ್ನು ನಾನು ಮರೆಯಲಾರೆ.

ಅವರು ಬಂದದ್ದು ತಡವಾಗಿ. ಮೊದಲು ಠಾಣೆಗೆ ಹೋಗಿದ್ದರು. ಮಾನಹಾನಿ ಪೊಲೀಸರು ತಾವಾಗಿ ತನಿಖೆ ಮಾಡಬಹುದಾದ ಅಪರಾಧವಲ್ಲವಾದ್ದರಿಂದ ನ್ಯಾಯಾಲಯಕ್ಕೆ ಹೋಗಿ ಎಂದರು. ಮತ್ತೆ ಹಿರಿಯರ ಪಂಚಾಯಿತಿಕೆಯಲ್ಲಿ ತಿಂಗಳುಗಳು ಕಳೆದವು. ನನ್ನ ಕಚೇರಿಯ ಮೆಟ್ಟಿಲು ಹತ್ತುವಾಗ ಹದಿಮೂರು ತಿಂಗಳಾಗಿತ್ತು. ಪರಿಹಾರದ ದಾವೆಗೆ ಇರುವ ಅವಧಿ ಒಂದೇ ವರ್ಷ. ಕ್ರಿಮಿನಲ್ ದೂರಿಗೆ ಮೂರು ವರ್ಷ ಇರುವುದರಿಂದ ಆ ದಾರಿಯೊಂದೇ ಉಳಿದಿತ್ತು. ಸಂದೇಶ ಬಂದದ್ದು 2024ರ ಜುಲೈ 1ರ ನಂತರವಾದ್ದರಿಂದ, ಅಂದು ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ದೂರು ಬರೆದೆ. ಸಂದೇಶವಿದ್ದ ಫೋನಿಗೆ, ಡಿಜಿಟಲ್ ದಾಖಲೆಯನ್ನು ಸಾಕ್ಷ್ಯವಾಗಿ ಒಪ್ಪಿಸಲು ಬೇಕಾದ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಲಗತ್ತಿಸಿದೆ.

ತೊಡಕಾದದ್ದು ಭಾಷೆ. ಆಡಿದ ಮಾತನ್ನು ದೂರಿನಲ್ಲಿ ಆಡಿದಂತೆಯೇ ಬರೆದು ಅನುವಾದ ಕೊಡಬೇಕು. ಅನುವಾದಕರು ಇಂಗ್ಲಿಷಿನಲ್ಲಿ ಅದನ್ನು ಅವರ ಕೈಗಳು ಸ್ವಚ್ಛವಾಗಿಲ್ಲ ಎಂಬರ್ಥದಲ್ಲಿ ಬರೆದರು. ಕ್ರಿಮಿನಲ್ ಪ್ರಕರಣ ನಡೆಸುವ ಕ್ರಮವನ್ನು ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯಂತೆ ದೂರನ್ನು ಪರಿಗಣನೆಗೆ ತೆಗೆದುಕೊಳ್ಳುವ ಮೊದಲೇ ಆರೋಪಿಯ ಮಾತನ್ನು ಕೇಳಬೇಕು. ಅಲ್ಲಿಯೇ ಎದುರು ವಕೀಲರು, ಇದು ಅಡುಗೆಮನೆಯ ಶುಚಿತ್ವದ ಬಗೆಗಿನ ಅಭಿಪ್ರಾಯ, ಅದೂ ತಾಲೂಕಿಗೆಲ್ಲ ಗೊತ್ತಿರುವ ಪ್ರಸಿದ್ಧ ವ್ಯಕ್ತಿಯ ಬಗ್ಗೆ ಎಂದು ವಾದಿಸಿದರು.

ಎರಡಕ್ಕೂ ಉತ್ತರ ಕೊಡಬೇಕಾಯಿತು. ಕೈ ಶುದ್ಧವಿಲ್ಲ ಎಂದರೆ ನಮ್ಮ ಕಡೆ ಕಳ್ಳನೆಂದೇ ಅರ್ಥವೆಂಬುದಕ್ಕೆ ಗುಂಪಿನಲ್ಲಿದ್ದ ಇಬ್ಬರ ಹೇಳಿಕೆ ಪಡೆದೆ. ಅವರಲ್ಲೊಬ್ಬರು ಸಂದೇಶ ಕೇಳಿದ ಮೇಲೆ ತಮ್ಮ ಮನೆಯ ಉಪನಯನಕ್ಕೆ ಬೇರೆಯವರನ್ನು ಕರೆದವರು. ಪ್ರಸಿದ್ಧಿಯ ಮಾತಿಗೆ ನನ್ನ ಉತ್ತರ ಹೀಗಿತ್ತು: ಸಾರಿಗೆ ಉಪ್ಪು ಹೆಚ್ಚಾಯಿತು, ಪಾಯಸ ಅಡಿ ಹಿಡಿಯಿತು ಎಂದು ಉಂಡವರು ಯಾರು ಬೇಕಾದರೂ ಹೇಳಲಿ, ಅದು ಅಭಿಪ್ರಾಯ, ಆದರೆ ಹಲವರಿಗೆ ಪರಿಚಿತನಾದ ಮಾತ್ರಕ್ಕೆ ಒಬ್ಬನು ಸಾರ್ವಜನಿಕ ಪ್ರಶ್ನೆಯೊಳಗೆ ಇಳಿದವನಾಗುವುದಿಲ್ಲ, ಕದ್ದನೆಂಬುದು ಅಭಿಪ್ರಾಯವೂ ಅಲ್ಲ. ಕಲಮಿನ ನಾಲ್ಕನೆಯ ವಿವರಣೆಯೇ ಮನುಷ್ಯನ ಕಸುಬಿಗೆ ಸಂಬಂಧಿಸಿದ ಹೆಸರನ್ನು ಕೆಡಿಸುವುದನ್ನು ಎತ್ತಿ ಹೇಳುತ್ತದೆ. ವಾರ್ಡಿನ ಸದಸ್ಯರಿಗೆ ಉತ್ತರಿಸಲು ಗ್ರಾಮಸಭೆ ಇದೆ, ಪತ್ರಿಕೆ ಇದೆ; ಈ ಅಡುಗೆಯವರು ಆ ಗುಂಪಿನ ಸದಸ್ಯರೂ ಆಗಿರಲಿಲ್ಲ.

ನ್ಯಾಯಾಲಯ ದೂರನ್ನು ಅಂಗೀಕರಿಸಿತು. ವಿಚಾರಣೆ ಆರಂಭವಾಗುವ ಮೊದಲು ಎದುರು ಪಕ್ಷದವರು ರಾಜಿಗೆ ಬಂದರು. ಕ್ಷಮಾಪಣೆ ಅದೇ ಗುಂಪಿನಲ್ಲಿ, ಅದೇ ಧ್ವನಿಯಲ್ಲಿ, ನಮ್ಮ ಮಾತಿನಲ್ಲಿಯೇ ಬರಬೇಕೆಂದು ನಾನು ಷರತ್ತು ಹಾಕಿದೆ. ಕಳೆದುಹೋದ ಜೆಂಬ್ರಗಳ ಸಂಬಳವನ್ನು ಮಾತ್ರ ಕೇಳುವ ದಾರಿ ಇರಲಿಲ್ಲ. ಕ್ಷಮಾಪಣೆಯ ಸಂದೇಶ ಬಂದ ದಿನ ಅಡುಗೆಯವರು ನನ್ನ ಕಚೇರಿಯಲ್ಲಿಯೇ ಕುಳಿತು ಗುಂಪಿನಲ್ಲಿದ್ದ ಪರಿಚಿತರೊಬ್ಬರಿಂದ ಅದನ್ನು ತರಿಸಿಕೊಂಡರು. ಎರಡು ಸಲ ಕೇಳಿ, ಫೋನನ್ನು ನನ್ನ ಗುಮಾಸ್ತರ ಕೈಗಿತ್ತು, ಇದು ಅಳಿಸಿಹೋಗದ ಹಾಗೆ ಇಟ್ಟುಕೊಡಿ ಎಂದರು.