ಪ್ರಸ್ತಾರ ಹಾಕುವ ಮೊದಲು ಪದ್ಯವನ್ನು ಜೋರಾಗಿ ಓದಿ

ಪರೀಕ್ಷೆ ಹತ್ತಿರ ಬಂತೆಂದರೆ ರಾಯಚೂರಿನ ನಮ್ಮ ಓಣಿಯ ಹತ್ತನೇ ತರಗತಿ ಮಕ್ಕಳು ಪದ್ಯ ಹಿಡಿದು ಬರುತ್ತಾರೆ. ‘ಪ್ರಸ್ತಾರ ಹಾಕಿ, ಗಣ ವಿಂಗಡಿಸಿ’ ಎಂಬ ಪ್ರಶ್ನೆ, ಅಂದರೆ ಅಕ್ಷರಗಳ ಅಳತೆ ಗುರುತಿಸಿ ಸಾಲನ್ನು ಲಯದ ತುಂಡುಗಳಾಗಿ ಒಡೆಯುವ ಕೆಲಸ, ಅವರಿಗೆ ಗಣಿತದಷ್ಟೇ ಭಯ. ಪೆನ್ಸಿಲ್ ಕೆಳಗಿಡಿ, ಮೊದಲು ಜೋರಾಗಿ ಓದಿ ಎನ್ನುತ್ತೇನೆ. ಇದಕ್ಕೆಂದೇ ಕಟ್ಟಿದ ಮೂರು ಸಾಲು ಇಲ್ಲಿವೆ:

ಎಳೆಯ ಜೋಳದ ತೆನೆಯ ಸುಟ್ಟರು
ಗೆಳೆಯರೆಲ್ಲರು ಸುತ್ತ ಕುಳಿತರು
ಹೊಳೆಯ ಗಾಳಿಗೆ ಹೊಗೆಯು ಹಾರಿತು ಹಸಿವು ಕೆರಳಿತಲಾ

ಓದುತ್ತಾ ತೊಡೆ ತಟ್ಟಿ. ಎಳೆಯ, ಜೋಳದ, ತೆನೆಯ, ಸುಟ್ಟರು: ನಾಲಗೆ ತಾನಾಗಿ ಎಲ್ಲಿ ತುಂಡು ಮಾಡುತ್ತದೋ ಅಲ್ಲೇ ಗಣ.

ಈಗ ಪೆನ್ಸಿಲ್ ಹಿಡಿಯಿರಿ. ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆಯೇ ಮಾತ್ರೆ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಗುರು, ಎರಡು ಮಾತ್ರೆ. ಮಕ್ಕಳು ಎಡವುವುದು ಈ ಕೊನೆಯದರಲ್ಲೇ. ‘ಸುಟ್ಟರು’ವಿನಲ್ಲಿ ‘ಟ್ಟ’ದ ಮೇಲೆ ಗುರು ಹಾಕುತ್ತಾರೆ. ಗುರು ಆಗುವುದು ‘ಸು’. ಒತ್ತಿನ ಭಾರ ಹಿಂದಿನ ಅಕ್ಷರದ ಮೇಲೆ ಬೀಳುತ್ತದೆ, ಬಾಯಲ್ಲಿ ಹೇಳಿದರೆ ಗೊತ್ತಾಗುತ್ತದೆ ಅಲ್ವಾ?

ಎಣಿಸಿ. ಮೊದಲೆರಡು ಸಾಲು 3, 4, 3, 4, ಒಟ್ಟು 14. ಮೂರನೆಯದು 3, 4, 3, 4, 3, 4, ಮೇಲೊಂದು ಗುರು, ಒಟ್ಟು 23. ಇದು ಆರು ಸಾಲಿನ ಭಾಮಿನಿ ಷಟ್ಪದಿಯ ಅರ್ಧ. ಇನ್ನರ್ಧವೂ ಇದೇ ಲೆಕ್ಕ. ನಮ್ಮ ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ ಇದೇ ಧಾಟಿಯಲ್ಲಿದೆ.

ಪ್ರಾಸ ಎಂದ ಕೂಡಲೇ ಸಾಲಿನ ಕೊನೆ ನೋಡಬೇಡಿ. ‘ಸುಟ್ಟರು, ಕುಳಿತರು’ ಅಂತ್ಯಪ್ರಾಸವೇ, ಆದರೆ ಹಳೆಯ ಕವಿಗಳಿಗೆ ಮುಖ್ಯವಾದದ್ದು ಎರಡನೇ ಅಕ್ಷರ. ಎಳೆ, ಗೆಳೆ, ಹೊಳೆ: ಎಲ್ಲಕ್ಕೂ ‘ಳ’. ವ್ಯಂಜನ ಒಂದೇ ಇದ್ದರೆ ಸಾಕು, ‘ಬಳಿಕ’ ಎಂದರೂ ನಡೆಯುತ್ತಿತ್ತು. ಆದರೆ ಇಲ್ಲಿ ‘ಹಾಳು’ ಸಲ್ಲದು, ಮೊದಲ ಅಕ್ಷರ ಎಲ್ಲ ಸಾಲಲ್ಲೂ ಲಘುವೇ ಇರಬೇಕು.

ಪುನರಾವರ್ತನೆ ಹುಡುಕುವುದು ಸುಲಭ, ಅದರ ಕೆಲಸ ಹೇಳುವುದು ಕಷ್ಟ. ಮೂರನೇ ಸಾಲಲ್ಲಿ ಹೊಳೆ, ಹೊಗೆ, ಹಾರಿತು, ಹಸಿವು ಎಂದು ‘ಹ’ಕಾರ ಮತ್ತೆ ಮತ್ತೆ ಬರುತ್ತದೆ. ‘ಅನುಪ್ರಾಸ ಇದೆ’ ಎಂದು ಸುಮ್ನೆ ಬರೆದು ಬಿಡಬೇಡಿ. ಬೆಂಕಿ ಊದುವ ಉಸಿರು ಕೇಳಿಸುತ್ತದೆಯೇ? ಕೇಳಿಸಿದರೆ ಅದನ್ನು ಬರೆಯಿರಿ. ಇಡೀ ಪದ್ಯವೇ ಮರಳುವುದೂ ಉಂಟು. ‘ಹರಿಕಥಾಮೃತಸಾರ’ದ ಪ್ರತಿ ಸಂಧಿಯನ್ನೂ, ಅಂದರೆ ಅಧ್ಯಾಯವನ್ನೂ, ಒಂದೇ ಪದ್ಯ ಹೇಳಿ ಶುರು ಮಾಡುತ್ತಾರೆ. ಕೇಳುವವರು ಕಿವಿ ಸರಿ ಮಾಡಿಕೊಳ್ಳಲು ಅಷ್ಟು ಸಾಕು.

ಕೊನೆಗೆ, ಯಾವ ಪದ ಅರ್ಥಕ್ಕೆ ಬಂದಿದೆ, ಯಾವುದು ಬರೀ ಮಾತ್ರೆ ತುಂಬಲು ಎಂದೂ ನೋಡಿ. ನನ್ನ ಸಾಲಿನ ಕೊನೆಯ ‘ಲಾ’ ಯಾಕಿದೆ ಎಂದು ಒಬ್ಬ ಹುಡುಗಿ ಕೇಳಿದಳು. ಗುರು ಬೇಕಿತ್ತಮ್ಮ, ಬೇರೇನೂ ಹೊಳೆಯಲಿಲ್ಲ ಎಂದೆ.