ಇಂಜಿನ್ ಬದಲಾಯಿಸಿದ ಮೇಲೆ ಗಾಡಿ ಹೀಟ್ ಆಗ್ತಿದೆಯಾ? ಹೀಗೆ ಹುಡುಕಿ

ಹಳೇ ಮಾರುತಿ ಜಿಪ್ಸಿಗೆ ಮಾರುತಿ ಎಸ್ಟೀಮ್ ಕಾರಿನ ಇಂಜಿನ್ ಕೂರಿಸಿದರೆ 970 ಸಿಸಿ ಇದ್ದ ಜಾಗಕ್ಕೆ 1298 ಸಿಸಿ ಬರುತ್ತದೆ. ಗಾಡಿ ಚೆನ್ನಾಗಿ ಎಳೆಯುತ್ತದೆ, ಆದರೆ ಶಿರಾಡಿಯಂಥ ಘಾಟಿ ಹತ್ತುವಾಗ ಹೀಟ್ ಮೀಟರಿನ ಮುಳ್ಳು ಕೆಂಪಿಗೆ ಹೋಗುತ್ತದೆ. ಆಗ ತುಂಬಾ ಜನ ಮೊದಲು ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ವಾಲ್ವ್) ಕಿತ್ತು ಬಿಸಾಡುತ್ತಾರೆ. ದಯವಿಟ್ಟು ಬೇಡ. ಇಂಜಿನ್ ಬೇಗ ಬಿಸಿಯಾಗದೆ ಸವೆಯುತ್ತದೆ, ಎಂಪಿಎಫ್‌ಐ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ) ಇಂಜಿನ್ ಆದರೆ ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ, ಮೂಲ ತೊಂದರೆ ಮಾತ್ರ ಅಲ್ಲೇ ಇರುತ್ತದೆ.

ಮೊದಲು ಮೀಟರನ್ನೇ ಅನುಮಾನಿಸಿ. ಸೆನ್ಸರ್ ಎಸ್ಟೀಮಿನದು, ಮೀಟರ್ ಜಿಪ್ಸಿಯದು ಆದರೆ ಎರಡಕ್ಕೂ ತಾಳೆಯಾಗದೆ ಸುಮ್ನೆ ತಪ್ಪು ತೋರಿಸಬಹುದು. ಅದರದೇ ಸೆನ್ಸರ್ ಜೊತೆ ಬರುವ ಬೇರೆ ಮೀಟರ್ ಹಾಕಿ. 90 ಡಿಗ್ರಿ ಆಸುಪಾಸಿದ್ದರೆ ಭಯವಿಲ್ಲ.

ಹೀಟ್ ನಿಜವೇ ಆದರೆ, ಯಾವಾಗ ಆಗುತ್ತದೆ ನೋಡಿ.

ಸಿಗ್ನಲ್‌ನಲ್ಲಿ ನಿಂತಾಗ ಏರಿ, ಓಡಿದಾಗ ಇಳಿದರೆ ಗಾಳಿ ಸಾಲುತ್ತಿಲ್ಲ. ಆ ಜಿಪ್ಸಿಯ ಫ್ಯಾನ್ ಬೆಲ್ಟ್‌ನಿಂದ ತಿರುಗುತ್ತಿತ್ತು, ಎಸ್ಟೀಮಿನದು ಕರೆಂಟ್ ಫ್ಯಾನ್, ಹಾಗಾಗಿ ಹೊಸದಾಗಿ ಒಂದನ್ನು ಹಾಕಿರುತ್ತಾರೆ. ವೈರ್ ಉಲ್ಟಾ ಕೊಟ್ಟಿದ್ದರೆ ಅದು ಉಲ್ಟಾ ತಿರುಗುತ್ತದೆ. ಫ್ಯಾನ್ ಓಡುವಾಗ ರೇಡಿಯೇಟರ್ ಮುಂದೆ ಒಂದು ಕಾಗದ ಹಿಡಿಯಿರಿ, ಅದು ಒಳಕ್ಕೆ ಎಳೆದುಕೊಂಡು ಅಂಟಬೇಕು. ಶ್ರೌಡ್ (ಫ್ಯಾನ್ ಮತ್ತು ರೇಡಿಯೇಟರ್ ನಡುವಿನ ಸುತ್ತುಮರೆ) ಇಲ್ಲದಿದ್ದರೆ ಖಂಡಿತ ಮಾಡಿಸಿ. ಅದಿಲ್ಲದೆ ಫ್ಯಾನ್ ತನ್ನ ಎದುರಿನ ಭಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ಉಳಿದ ರೇಡಿಯೇಟರ್ ಇದ್ದೂ ಇಲ್ಲದಂತೆ.

ಹೈವೇಯಲ್ಲಿ, ಏರಿನಲ್ಲಿ ಹೀಟ್ ಆದರೆ ರೇಡಿಯೇಟರ್ ಚಿಕ್ಕದು, ಇಲ್ಲವೇ ನೀರಿನ ಓಟ ಕಮ್ಮಿ. ಒಬ್ಬರು ಆಕ್ಸಿಲರೇಟರ್ ಒತ್ತಲಿ, ನೀವು ಕೈ ದೂರವಿಟ್ಟು ಕೆಳಗಿನ ಹೋಸ್ ನೋಡಿ. ಅದು ಚಪ್ಪಟೆಯಾದರೆ ಒಳಗೆ ಸ್ಪ್ರಿಂಗ್ ಇರುವ ಹೋಸ್ ಬೇಕು. ಹೋಸ್ ಸರಿ ಇದ್ದರೆ ರೇಡಿಯೇಟರ್ ಅಂಗಡಿಯಲ್ಲಿ ದಪ್ಪ ಕೋರ್ (ಅದರ ಒಳಗಿನ ಜಾಲರಿ) ಹಾಕಿಸಿ.

ಇಂಥ ಗಾಡಿಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಏರ್ ಲಾಕ್. ಇಂಜಿನ್ನಿನ ತುದಿಗಿಂತ ರೇಡಿಯೇಟರ್ ಕೆಳಗಿದ್ದರೆ, ಅಥವಾ ಹೊಂದಿಸಿ ಹಾಕಿದ ಹೋಸ್ ನಡುವೆ ಉಬ್ಬಿದ್ದರೆ, ಗಾಳಿ ಮೇಲೆ ಸಿಕ್ಕಿಕೊಳ್ಳುತ್ತದೆ. ತಣ್ಣಗಿರುವಾಗ ಗಾಡಿಯ ಮೂತಿ ಮೇಲಿರುವಂತೆ ಇಳಿಜಾರಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಇದ್ದರೆ ಪೂರ್ತಿ ತೆರೆಯಿರಿ. ರೇಡಿಯೇಟರ್ ಕ್ಯಾಪ್ ತೆಗೆದು ನಿಧಾನ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ತುಂಬಿ, ಇಂಜಿನ್ ಐಡಲ್‌ನಲ್ಲಿ ಬಿಡಿ. ಗುಳ್ಳೆ ನಿಲ್ಲುವವರೆಗೆ ತುಂಬುತ್ತಲೇ ಇರಿ. ಪದೇ ಪದೇ ಇದೇ ಆದರೆ ಇಂಜಿನ್ನಿಗಿಂತ ಎತ್ತರದಲ್ಲಿ ಎಕ್ಸ್‌ಪಾನ್ಷನ್ ಟ್ಯಾಂಕ್ (ಬಿಸಿಗೆ ಹಿಗ್ಗಿದ ಕೂಲೆಂಟ್ ಸೇರುವ ಡಬ್ಬಿ) ಇಡಿಸುವುದೇ ದಾರಿ. ಗುಳ್ಳೆ ನಿಲ್ಲಲೇ ಇಲ್ಲವೇ? ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಹೋಸ್ ಗಟ್ಟಿಯಾಗುತ್ತಿದೆಯೇ? ಹಾಗಾದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿರಬಹುದು. ಸೆಕೆಂಡ್ ಹ್ಯಾಂಡ್ ಇಂಜಿನ್ ಅಲ್ವಾ, ಕೂರಿಸುವ ಮೊದಲೇ ಗ್ಯಾಸ್ಕೆಟ್ ಬದಲಿಸುವುದು ಒಳ್ಳೆಯದು.

ಕ್ಯಾಪನ್ನು ಕಡೆಗಣಿಸಬೇಡಿ. ಬೆಂಗಳೂರಿನ ಎತ್ತರಕ್ಕೆ ತೆರೆದಿಟ್ಟ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ ಹಿಡಿದಿಡುವ ಒತ್ತಡದಿಂದಲೇ ಆ ಮಿತಿ ಮೇಲೇರುವುದು. ಅದರ ರಬ್ಬರ್ ಸೀಳಿದ್ದರೆ ಹೊಸದು ಹಾಕಿ, ಬಿಸಿ ಇದ್ದಾಗ ಮಾತ್ರ ತೆಗೆಯಬೇಡಿ.

ಇನ್ನೂ ಇಂಜಿನ್ ಬದಲಾಯಿಸಿಲ್ಲದವರು ಮೊದಲು ಆರ್‌ಟಿಒ ಒಪ್ಪಿಗೆ ಪಡೆಯಿರಿ, ಹೊಸ ಇಂಜಿನ್ ನಂಬರ್ ಆರ್‌ಸಿಗೆ ಸೇರಬೇಕು.