ಚೀಲ ತೊಳೀತಾರಂತ ತಿಳ್ಕೊಂಡಿದ್ದೆ

"ಮೇಡಂ, ಆಪರೇಷನ್ ಆಗಿ ಎಂಟು ತಿಂಗಳಾತ್ರಿ. ಮುಟ್ಟು ಇನ್ನಾ ಬಂದಿಲ್ಲ. ಯಾವಾಗ ಬರ್ತೈತ್ರಿ?"

ಸಿಂಧನೂರಿನ ಹತ್ತಿರದ ಹಳ್ಳಿಯಿಂದ ಬಂದಿದ್ದ 34 ವರ್ಷದ ಹೆಣ್ಣುಮಗಳು ಕೇಳಿದ ಪ್ರಶ್ನೆ ಇದು. ನಾನು ಆಗ ರಾಯಚೂರು ಜಿಲ್ಲೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞೆಯಾಗಿದ್ದೆ. ಆಕೆಯ ಗರ್ಭಕೋಶ ತೆಗೆದವಳು ನಾನೇ. ಗಡ್ಡೆ ಇತ್ತು, ರಕ್ತ ಬಹಳ ಹೋಗುತ್ತಿತ್ತು, ಹಿಮೋಗ್ಲೋಬಿನ್ ಕೆಳಗಿಳಿದಿತ್ತು. ಹೇಗೂ ಹೊಟ್ಟೆ ತೆರೆದಿದ್ದೇವೆ, ಮುಂದೆ ಕ್ಯಾನ್ಸರ್ ಆಗುವ ಗೊಡವೆ ಬೇಡ ಎಂದು ಎರಡೂ ಅಂಡಾಶಯಗಳನ್ನು ಕೂಡ ತೆಗೆದಿದ್ದೆ. ನಾನು ಕಲಿತ ಕಡೆ ಹಿರಿಯರು ಹಾಗೆ ಮಾಡುತ್ತಿದ್ದರು, ನಾನೂ ಹಾಗೆ ಮಾಡಿದೆ.

"ನಿಮ್ಮ ಗರ್ಭಚೀಲಾನೇ ತೆಗೆದೀವಲ್ಲವ್ವ, ಮುಟ್ಟು ಹೆಂಗ ಬರ್ತೈತಿ?" ಅಂದೆ. ಆಕೆ ನನ್ನ ಮುಖ ನೋಡಿದಳು. "ತೆಗೆದ್ರಾ? ನಾ ಚೀಲ ತೊಳೀತಾರಂತ ತಿಳ್ಕೊಂಡಿದ್ದೆ" ಅಂದಳು. ಮೈಯೆಲ್ಲ ಬೆಂಕಿ ಹತ್ತಿದಂಗ ಆಗ್ತೈತಿ, ರಾತ್ರಿ ನಿದ್ದಿ ಬರಂಗಿಲ್ಲ ಅಂತ ಹೇಳಿದ್ದೂ ಆಮೇಲೆಯೇ.

ಅವತ್ತು ಸಂಜೆ ಹಳೆಯ ಕೇಸ್ ಪೇಪರ್ ತೆಗೆಸಿ ನೋಡಿದೆ. ಇಂಗ್ಲಿಷಿನಲ್ಲಿ ಅಚ್ಚಾದ ಒಪ್ಪಿಗೆ ಪತ್ರ. ಗಂಡನ ಸಹಿ, ಆಕೆಯ ಹೆಬ್ಬೆಟ್ಟು, ಸಾಕ್ಷಿಯಾಗಿ ನಮ್ಮದೇ ನರ್ಸ್ ಸಹಿ. ಎಲ್ಲವೂ ಇತ್ತು. ಏನಾಗಿತ್ತು ಎಂಬುದು ನಿಧಾನಕ್ಕೆ ತಿಳಿಯಿತು. ನಾನು ಗಂಡನನ್ನು ಕಾರಿಡಾರಿನಲ್ಲಿ ನಿಲ್ಲಿಸಿ "ಚೀಲದ ಆಪರೇಷನ್ ಮಾಡಬೇಕು" ಎಂದು ಹೇಳಿದ್ದೆ. ಆಕೆಯ ಅಕ್ಕನಿಗೆ ಹಿಂದೊಮ್ಮೆ ಡಿ ಅಂಡ್ ಸಿ, ಅಂದರೆ ಗರ್ಭಚೀಲದ ಒಳಪದರ ಕೆರೆದು ತೆಗೆಯುವುದು, ಆಗಿತ್ತು. ನಮ್ಮ ಕಡೆ ಅದಕ್ಕೆ "ಚೀಲ ಕ್ಲೀನ್ ಮಾಡೋದು" ಎನ್ನುತ್ತಾರೆ. ಗಂಡ ಮನೆಯಲ್ಲಿ "ನಿಮ್ಮಕ್ಕಂಗ ಮಾಡಿದ್ರಲ್ಲ, ಹಂಗ" ಎಂದಿದ್ದ. ಯಾರೂ ಸುಳ್ಳು ಹೇಳಿರಲಿಲ್ಲ. ಆದರೆ ಯಾರ ಹೊಟ್ಟೆಯೋ ಆಕೆಯ ಜೊತೆ ಮಾತ್ರ ಯಾರೂ ಮಾತಾಡಿರಲಿಲ್ಲ.

ಮರುವಾರ ಕರೆಸಿ ಕೂರಿಸಿಕೊಂಡು ಎಲ್ಲ ಹೇಳಿದೆ, ತಪ್ಪಾಯಿತು ಅಂತಲೂ ಹೇಳಿದೆ. ಆಕೆ ಸಿಟ್ಟಾಗಲಿಲ್ಲ. "ಮದ್ಲ ಹೇಳಿದ್ರ ನಾ ಏನ್ ಬ್ಯಾಡ ಅಂತಿದ್ನೇನ್ರಿ? ಆದ್ರ ಹೇಳಬೇಕಿತ್ತಲ್ರಿ" ಅಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಡಾಶಯದ ಮಾತನ್ನು ಮೊದಲೇ ಎತ್ತಿದ್ದರೆ ಬಹುಶಃ ಅವು ಉಳಿಯುತ್ತಿದ್ದವು. ನಮ್ಮ ಹೆಂಗಸರಿಗೆ ಮುಟ್ಟು ನಿಲ್ಲುವುದು ಸುಮಾರು 46-47ಕ್ಕೆ. ಆಕೆಗೆ ಅದನ್ನು ನಾನು 12 ವರ್ಷ ಮುಂಚೆ ತಂದಿಟ್ಟಿದ್ದೆ. ಎಳೆಯ ವಯಸ್ಸಿನಲ್ಲಿ ಎರಡೂ ಅಂಡಾಶಯ ಹೋದರೆ ಎಲುಬು ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಹೆಚ್ಚುತ್ತದೆ. ಇದು ನನಗೆ ಗೊತ್ತಿತ್ತು, ಆಕೆಗೆ ಗೊತ್ತಿರಲಿಲ್ಲ.

ಸಮೀರಾ ಕೊಹ್ಲಿ ಪ್ರಕರಣದ ತೀರ್ಪನ್ನು ನಾನು ಪೂರ್ತಿ ಕೂತು ಓದಿದ್ದು ಇದಾದ ಮೇಲೆ. ಸುಪ್ರೀಂ ಕೋರ್ಟ್ 2008ರ ಜನವರಿ 16ರಂದು ಕೊಟ್ಟ ತೀರ್ಪು ಅದು. 44 ವರ್ಷದ ಮಹಿಳೆ ಲ್ಯಾಪ್ರೊಸ್ಕೋಪಿ ಪರೀಕ್ಷೆಗೆಂದು, ಅಂದರೆ ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಹಾಕಿ ನೋಡಲಿಕ್ಕೆಂದು, ಒಪ್ಪಿ ಮಲಗಿದ್ದರು. ಅವರಿಗೆ ಎಚ್ಚರವಿಲ್ಲದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎಲ್ಲವನ್ನೂ ತೆಗೆಯಲಾಯಿತು. ರೋಗಿ ವಯಸ್ಕಳು, ಬುದ್ಧಿ ಸ್ಥಿಮಿತದಲ್ಲಿದೆ, ಜೀವಕ್ಕೆ ತಕ್ಷಣದ ಅಪಾಯವೂ ಇಲ್ಲ, ಹಾಗಿದ್ದಾಗ ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದಿತು ಕೋರ್ಟು. ಪರಿಹಾರವೆಂದು ಕೊಡಿಸಿದ್ದು 25 ಸಾವಿರ ರೂಪಾಯಿ, ಮೊತ್ತ ದೊಡ್ಡದಲ್ಲ. ಆದರೆ ಡಾಕ್ಟರು ಏನೇನು ಹೇಳಬೇಕು ಎಂಬುದನ್ನು ತೀರ್ಪು ಬಿಡಿಸಿ ಬರೆದಿದೆ. ಏನು ಮಾಡುತ್ತೇವೆ, ಯಾಕೆ ಮಾಡುತ್ತೇವೆ, ಅದರಿಂದ ಏನು ಲಾಭ, ಬೇರೆ ದಾರಿ ಇದೆಯೇ, ದೊಡ್ಡ ಅಪಾಯಗಳು ಯಾವುವು, ಬೇಡ ಎಂದರೆ ಏನಾಗುತ್ತದೆ. ಓದುತ್ತಾ ಹೋದಂತೆ, ಇದರಲ್ಲಿ ಒಂದನ್ನಾದರೂ ನಾನು ಆ ಹೆಣ್ಣುಮಗಳಿಗೆ ಹೇಳಿದ್ದೆನೇ ಎಂದು ಹುಡುಕಿದೆ. ಒಂದೂ ಸಿಗಲಿಲ್ಲ.

ಮೊದಲು ಮಾತು ಬದಲಿಸಿದೆ. "ಗರ್ಭಾಶಯ", "ಅಂಡಾಶಯ", "ಶಸ್ತ್ರಚಿಕಿತ್ಸೆ" ಪುಸ್ತಕದ ಮಾತುಗಳು. ಇಲ್ಲಿನವರಿಗೆ ಗರ್ಭಚೀಲ, ಮುಟ್ಟು, ಬಿಳಿ ಸೆರಗು ಎಂದರೆ ತಿಳಿಯುತ್ತದೆ. "ಆಪರೇಷನ್" ಎಂಬ ಒಂದೇ ಮಾತು ಸಾಲದು. ಹಳ್ಳಿಯಲ್ಲಿ ಹೆಂಗಸರ ಆಪರೇಷನ್ ಎಂದರೆ ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ ಎಂದೇ ಅರ್ಥ. ಈಗ "ಚೀಲದ ಆಪರೇಷನ್" ಎಂದು ನಾನು ಯಾರಿಗೂ ಹೇಳುವುದಿಲ್ಲ. "ತೊಳಿಯೋದಲ್ಲ, ತೆಗೆದು ಹೊರಗ ಹಾಕೋದು. ಆಮ್ಯಾಲೆ ಮುಟ್ಟು ಬರಂಗಿಲ್ಲ, ಮಕ್ಕಳಾಗಂಗಿಲ್ಲ" ಎಂದು ಬಿಡಿಸಿ ಹೇಳುತ್ತೇನೆ. ಕೇಳಲಿಕ್ಕೆ ಒರಟು ಅನ್ನಿಸಬಹುದು, ಆದರೆ ತಪ್ಪು ತಿಳಿಯಲು ಅದರಲ್ಲಿ ಜಾಗವಿಲ್ಲ.

ಚಿತ್ರ ತೋರಿಸಿ ನೋಡಿದೆ. ಗೋಡೆಯ ಮೇಲಿನ ಬಣ್ಣದ ಚಾರ್ಟ್ ನೋಡಿ ಒಬ್ಬ ಅಜ್ಜಿ "ಇದೇನ್ ಆಕಳ ತಲಿಯೇನ್ರಿ?" ಎಂದು ಕೇಳಿದಳು. ಆಕೆಯ ಕಣ್ಣಿನಿಂದ ನೋಡಿದರೆ ಹೌದು, ಎರಡು ಕೊಂಬು ಇರುವ ಹಾಗೇ ಕಾಣುತ್ತದೆ. ಆಮೇಲೆ ನಮ್ಮ ಓಣಿಯ ಟೇಲರ್ ಅಕ್ಕನ ಹತ್ತಿರ ಕೆಂಪು ಬಟ್ಟೆಯಲ್ಲಿ ಒಂದು ಚೀಲ ಹೊಲಿಸಿದೆ. ಪೇರಲ ಹಣ್ಣಿನಷ್ಟು ದೊಡ್ಡದು, ನಿಜವಾದ ಗರ್ಭಚೀಲದ ಅಳತೆಯೇ. ಎರಡು ಪಕ್ಕ ನಾಳ, ನಾಳದ ತುದಿಯಲ್ಲಿ ಬಾದಾಮಿಯಷ್ಟು ಎರಡು ಗಂಟು. ಎಲ್ಲಕ್ಕೂ ಟಿಚ್ ಬಟನ್. ಯಾವುದನ್ನು ತೆಗೆಯುತ್ತೇವೆ, ಯಾವುದನ್ನು ಬಿಡುತ್ತೇವೆ ಎಂದು ಬಟನ್ ಬಿಚ್ಚಿ ತೋರಿಸುತ್ತೇನೆ, ಆಮೇಲೆ ಚೀಲವನ್ನು ಅವರ ಕೈಗೇ ಕೊಡುತ್ತೇನೆ. ಕೈಗೆ ಬಂದ ತಕ್ಷಣ ಪ್ರಶ್ನೆ ಶುರುವಾಗುತ್ತದೆ. "ಇದನ್ನ ತೆಗೆದ್ರ ಆ ಜಾಗ ಖಾಲಿ ಉಳೀತೈತೇನ್ರಿ?" "ಗಂಡನ ಜೋಡಿ ಮಲಗಾಕ ತೊಂದ್ರಿ ಆಗ್ತೈತೇನ್ರಿ?" ಎರಡನೆಯದನ್ನು ತಗ್ಗಿದ ದನಿಯಲ್ಲಿ, ಅತ್ತೆ ಹೊರಗೆ ಹೋದ ಮೇಲೆ ಕೇಳುತ್ತಾರೆ. ಚಾರ್ಟ್ ತೋರಿಸುತ್ತಿದ್ದಷ್ಟು ವರ್ಷ ಒಬ್ಬರೂ ಇದನ್ನು ಕೇಳಿರಲಿಲ್ಲ.

ಅತ್ತೆ ಹೊರಗೆ ಹೋಗುವುದು ತಾನಾಗಿ ಆಗುವ ಕೆಲಸವಲ್ಲ. "ಒಳಗಿನ ತಪಾಸಣೆ ಮಾಡಬೇಕು, ಐದು ನಿಮಿಷ ಹೊರಗ ಕೂಡ್ರಿ ಅಮ್ಮ" ಎನ್ನುತ್ತೇನೆ, ಗಂಡನಿಗೂ ಹಾಗೇ. ತಪಾಸಣೆ ಮುಗಿದ ಮೇಲೂ ಬಾಗಿಲು ತೆರೆಯದೆ ಅಲ್ಲೇ ಕೂತು ಮಾತಾಡುತ್ತೇವೆ. "ನಿಮಗ ಇದು ಬೇಕನ್ನಿಸ್ತೈತೇನು? ಯಾರರ ಒತ್ತಾಯ ಮಾಡ್ಯಾರೇನು?" ಬಹಳ ಮಂದಿ "ನಂಗೇನ್ ತಿಳೀತೈತ್ರಿ, ನಮ್ಮ ಮನಿಯವರಿಗೆ ಕೇಳ್ರಿ" ಎನ್ನುತ್ತಾರೆ. ಮೊದಮೊದಲು ಇದಕ್ಕೆ ನಾನು ವಾದ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ. ಗಂಡನ ಜೊತೆ ಕೂತು ತೀರ್ಮಾನ ಮಾಡುವುದು ಆಕೆಯ ಇಷ್ಟವಾದರೆ ಹಾಗೇ ಆಗಲಿ. ಆದರೆ ವಿಷಯ ಗೊತ್ತಿದ್ದು ಗಂಡನಿಗೆ ಬಿಡುವುದು ಬೇರೆ, ವಿಷಯವೇ ತಲುಪದೆ ಗಂಡನಿಗೆ ಬಿಟ್ಟುಹೋಗುವುದು ಬೇರೆ. ಅದಕ್ಕೆ ಇಬ್ಬರನ್ನೂ ಕೂರಿಸಿ, ಚೀಲವನ್ನು ಆಕೆಯ ಕೈಯಲ್ಲಿಟ್ಟು, "ನಿಮ್ಮ ಮನಿಯವರಿಗೆ ನೀವೇ ಹೇಳ್ರಿ" ಎನ್ನುತ್ತೇನೆ.

ಈ ಒಂದು ಮಾತಿನಿಂದ ಎರಡು ಕೆಲಸ ಆಗುತ್ತದೆ. ಗಂಡನಿಗೆ ವಿಷಯ ಆಕೆಯ ಬಾಯಿಂದಲೇ ತಲುಪುತ್ತದೆ. ಆಕೆ ಹೇಳುವಾಗ ಎಲ್ಲಿ ತಡವರಿಸುತ್ತಾಳೋ ಅಲ್ಲಿ ನಾನು ಸರಿಯಾಗಿ ಹೇಳಿಲ್ಲ ಎಂದು ಗೊತ್ತಾಗುತ್ತದೆ. "ತಿಳೀತೇನವ್ವ?" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ಡಾಕ್ಟರ ಮುಂದೆ ಇಲ್ಲ ಎನ್ನುವ ರೂಢಿ ನಮ್ಮಲ್ಲಿಲ್ಲ. ಆ ಹೂಂ ನಂಬಿಯೇ ನಾನು ಇಷ್ಟು ವರ್ಷ ಕೆಲಸ ಮಾಡಿದ್ದು. ಒಂಟಿಯಾಗಿ ಬಂದವರಿಗೆ "ನಾಳೆ ನಿಮ್ಮ ತಂಗಿ ಫೋನ್ ಮಾಡಿ ಏನ್ ಆಪರೇಷನ್ ಅಂದ್ರ ಏನಂತೀರಿ?" ಎಂದು ಕೇಳುತ್ತೇನೆ. ಪರೀಕ್ಷೆ ಮಾಡಿದ ಹಾಗೆ ಆಗಬಾರದು. ದನಿ ಸ್ವಲ್ಪ ಬಿಗಿಯಾದರೂ ಅವರು ಬಾಯಿ ಮುಚ್ಚಿಬಿಡುತ್ತಾರೆ.

ಭಾಷೆಯದು ಇನ್ನೊಂದು ಕಥೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಇಲ್ಲಿ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳಾದವು, ಅಲ್ಲಿನ ಮನೆಗಳಲ್ಲಿ ತೆಲುಗು. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ, ಲಿಂಗಸುಗೂರು ಕಡೆಯ ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು. ತಾಂಡಾದಿಂದ ಬಂದ ತಾಯಿಯೊಬ್ಬಳಿಗೆ ಎಂಟನೇ ಕ್ಲಾಸಿನ ಮಗಳ ಬಾಯಿಂದಲೇ ಎಲ್ಲ ಹೇಳಿಸಿದ್ದೆ ಒಮ್ಮೆ. ಆ ಹುಡುಗಿ ಬಿಳಿ ಸೆರಗಿನ ಮಾತು ಬಂದಾಗ ನೆಲ ನೋಡಿದಳು, ಅರ್ಧ ಹೇಳಿ ಸುಮ್ಮನಾದಳು. ಮಗುವಿನ ಮೇಲೆ ಹೊರಿಸುವ ಭಾರವಲ್ಲ ಅದು. ಈಗ ಲಂಬಾಣಿ ಬರುವ ನಮ್ಮ ವಾರ್ಡಿನ ಆಯಾ ಬಂದು ಕೂರುತ್ತಾರೆ. ಆಕೆ ನನಗಿಂತ ಚೆನ್ನಾಗಿ ಹೇಳುತ್ತಾರೆ, ಮಧ್ಯೆ ತಾವೇ ಸೇರಿಸಿದ ಸಲಹೆಗಳನ್ನು ಮಾತ್ರ ನಾನು ಕೇಳಿ ಸರಿಪಡಿಸಬೇಕಾಗುತ್ತದೆ.

ಸಹಿಯ ಹೊತ್ತನ್ನೂ ಬದಲಿಸಿದೆ. ಮೊದಲೆಲ್ಲ ಓಟಿ (ಆಪರೇಷನ್ ಕೋಣೆ) ಬಾಗಿಲಲ್ಲಿ, ಹಸಿರು ಗೌನು ತೊಡಿಸಿ, ಬಳೆ ತೆಗೆಸಿ, ಕೆಲವೊಮ್ಮೆ ಮಂಪರಿನ ಇಂಜೆಕ್ಷನ್ ಕೂಡ ಆದ ಮೇಲೆ ಹೆಬ್ಬೆಟ್ಟು ಒತ್ತಿಸುತ್ತಿದ್ದರು. ಆ ಹೊತ್ತಿನಲ್ಲಿ ಬೇಡ ಎನ್ನುವ ಧೈರ್ಯ ಯಾರಿಗಿರುತ್ತದೆ? ಈಗ ತುರ್ತಿಲ್ಲದ ಆಪರೇಷನ್‌ಗೆ ಕನಿಷ್ಠ ಎರಡು ದಿನ ಮುಂಚೆ ಕೂರುತ್ತೇವೆ. ಪತ್ರ ಕನ್ನಡದಲ್ಲಿದೆ, ಗಟ್ಟಿಯಾಗಿ ಓದಿ ಹೇಳುತ್ತೇವೆ, ಖಾಲಿ ಜಾಗ ತುಂಬಿದ ಮೇಲೆಯೇ ಹೆಬ್ಬೆಟ್ಟು. ಸಾಕ್ಷಿಗೆ ಅವರ ಕಡೆಯ ಓದು ಬಲ್ಲವರೊಬ್ಬರು. ಒಂದು ಪ್ರತಿ ಅವರ ಕೈಗೆ.

ತುರ್ತು ಬಂದಾಗ ಇಷ್ಟೆಲ್ಲ ಆಗುವುದಿಲ್ಲ. ಮಗುವಿನ ಎದೆಬಡಿತ ಇಳಿಯುತ್ತಿದ್ದರೆ ಟ್ರಾಲಿ ತಳ್ಳುತ್ತಲೇ ನಾಲ್ಕು ಮಾತು. ರೋಗಿಗೆ ಎಚ್ಚರವಿಲ್ಲ, ಜೊತೆಗೂ ಯಾರಿಲ್ಲ ಎಂದಾಗ ಜೀವ ಉಳಿಸಲು ಒಳ್ಳೆಯ ಮನಸ್ಸಿನಿಂದ ಮಾಡಿದ ಚಿಕಿತ್ಸೆಗೆ ಕಾನೂನಿನ ರಕ್ಷಣೆ ಇದೆ. ಹಿಂದೆ ಅದು ಐಪಿಸಿಯ 92ನೇ ಕಲಮಾಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮು. ಇನ್ನೊಂದು ಮಾತು ಇಲ್ಲೇ ಹೇಳಬೇಕು. ಗರ್ಭಪಾತಕ್ಕೆ 1971ರ ಕಾಯ್ದೆಯಂತೆ 18 ತುಂಬಿದ ಹೆಣ್ಣುಮಗಳ ಸ್ವಂತ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. ಮಕ್ಕಳಾಗದ ಆಪರೇಷನ್‌ಗೂ ಬೇಕಿಲ್ಲ. ಆದರೂ "ಮನಿಯವರನ್ನ ಕರ್ಕೊಂಬಾ" ಎಂದು ಹೆಣ್ಣುಮಕ್ಕಳನ್ನು ಬಾಗಿಲಿಂದ ತಿರುಗಿಸಿ ಕಳಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ನನಗೆ ಸಿಟ್ಟು ಬರುತ್ತದೆ.

ಬೇರೆ ದಾರಿಯ ಮಾತನ್ನು ಪ್ರಾಮಾಣಿಕವಾಗಿ ಆಡತೊಡಗಿದ ಮೇಲೆ ಆಪರೇಷನ್ ಬೇಡ ಎನ್ನುವವರು ಸಿಕ್ಕರು. ಬಿಳಿ ಸೆರಗು ಎಂದು ಹೆದರಿ, ಕ್ಯಾನ್ಸರ್ ಆಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ "ಚೀಲ ತೆಗೆದುಬಿಡ್ರಿ" ಎಂದು ತಾವೇ ಬರುವವರು ಬಹಳ. ಹೆಚ್ಚಿನವರಿಗೆ ಸೋಂಕು, ಮಾತ್ರೆಗೆ ಹೋಗುವಂಥದ್ದು. ಹೆಚ್ಚು ರಕ್ತ ಹೋಗುವವರಿಗೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ, ಕಬ್ಬಿಣಾಂಶ ಇದೆ, ಕಾಪರ್-ಟಿ ಹಾಗೆ ಒಳಗೆ ಇಡುವ ಹಾರ್ಮೋನ್ ಸಾಧನ ಇದೆ, ಒಮ್ಮೆ ಇಟ್ಟರೆ ಕನಿಷ್ಠ 5 ವರ್ಷ ಕೆಲಸ ಮಾಡುತ್ತದೆ. ಬೇಡದ ಗರ್ಭಕೋಶ ಆಪರೇಷನ್‌ಗಳನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ತಂದಿತು. ಅದನ್ನು ಮೂರು ತಿಂಗಳೊಳಗೆ ಜಾರಿ ಮಾಡಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು.

ಹಾಗಂತ ಎಲ್ಲರೂ ಬೇಡ ಎನ್ನಲಿ ಎಂಬುದು ನನ್ನ ಆಸೆಯಲ್ಲ. ಹತ್ತಿ ಬಿಡಿಸುವ ಕೂಲಿಗೆ ಹೋಗುವ 43ರ ಒಬ್ಬಾಕೆ ಎಲ್ಲ ಕೇಳಿಸಿಕೊಂಡು, ಚೀಲವನ್ನು ತಿರುವಿ ತಿರುವಿ ನೋಡಿ, "ತಿಂಗಳಾ ತಿಂಗಳಾ ಮಾತ್ರಿಗೆ ಬಸ್ಸು ಹತ್ತಿ ಬಂದ್ರ ನನ್ನ ಕೂಲಿ ಹೋಗ್ತೈತ್ರಿ. ತೆಗೀರಿ. ಆದ್ರ ಈ ಎರಡು ಬಾದಾಮಿ ಬಿಡ್ರಿ" ಅಂದಳು. ತಾರೀಕನ್ನೂ ಆಕೆಯೇ ಇಟ್ಟಳು, ಹತ್ತಿ ಮುಗಿದ ಮೇಲೆ. ಆರು ವಾರ ಭಾರ ಎತ್ತಬಾರದು ಎಂದೆ, ತಲೆಯಾಡಿಸಿದಳು. "ಹಂಗಾದ್ರ ನೀರು ಯಾರು ತರ್ತಾರ?" ಎಂದು ನಾನು ಕೇಳಿದಾಗ ಮಾತ್ರ ಗೊತ್ತಾಯಿತು, ಮನೆಯಲ್ಲಿ ಬೇರೆ ಹೆಣ್ಣು ಜೀವವೇ ಇಲ್ಲ. ಗಂಡನನ್ನು ಕರೆದು, ಕೊಡ ನೀವೇ ಹೊರಬೇಕು ಎಂದು ಆಕೆಯ ಮುಂದೆಯೇ ಒಪ್ಪಿಸಿದೆ. ಈಗ "ವಿಶ್ರಾಂತಿ ತಗೊಳ್ಳಿ" ಎಂದು ಬರೆಯುವ ಬದಲು ನೀರು, ಕಟ್ಟಿಗೆ, ಎಮ್ಮೆ ಯಾರು ನೋಡುತ್ತಾರೆ ಎಂದು ಕೇಳಿ ಬರೆಯುತ್ತೇನೆ.

ಟೈಮ್ ಎಲ್ಲಿಂದ ಬರುತ್ತದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಒಬ್ಬೊಬ್ಬರಿಗೆ 20 ನಿಮಿಷ ಬೇಕು, ಹೊರಗೆ ಎಪ್ಪತ್ತು ಮಂದಿ ಕೂತಿರುತ್ತಾರೆ. ವಾರಕ್ಕೆ ಎರಡು ಮಧ್ಯಾಹ್ನ ಇದಕ್ಕೇ ಬಿಟ್ಟಿದ್ದೇನೆ. ಅರ್ಧ ಕೆಲಸ ಸಿಸ್ಟರ್ ಮಾಡುತ್ತಾರೆ, ಬಟ್ಟೆಯ ಚೀಲ ಅವರ ಹತ್ತಿರವೂ ಒಂದಿದೆ. ಆದರೂ ಕೆಲವು ದಿನ ಅವಸರದಲ್ಲಿ ಹೇಳಿ ಮುಗಿಸುತ್ತೇನೆ, ರಾತ್ರಿ ಅದು ಕಾಡುತ್ತದೆ.

ಹೋದ ತಿಂಗಳು ಮಸ್ಕಿ ಕಡೆಯ ಒಬ್ಬಾಕೆ ಸಹಿ ಮಾಡದೆ ಪತ್ರ ಮಡಚಿ ಕುಬಸದಲ್ಲಿಟ್ಟುಕೊಂಡಳು. "ಮನಿಗೆ ಒಯ್ತೀನ್ರಿ, ಮಗಳು ಪಿಯುಸಿ ಓದ್ತಾಳ, ಓದಿ ಹೇಳ್ತಾಳ" ಅಂದಳು. ಐದನೇ ದಿನ ಬಂದಳು. ಪತ್ರದ ಹಿಂಬದಿಗೆ ಮಗಳ ಗುಂಡು ಅಕ್ಷರದಲ್ಲಿ ಮೂರು ಪ್ರಶ್ನೆ. ರಕ್ತ ಹಾಕುತ್ತೀರಾ, ಯಾರ ರಕ್ತ? ಹೊಲಿಗೆ ಬಿಚ್ಚಲು ಮತ್ತೆ ಬರಬೇಕಾ? ಮೂರನೆಯದು, ತೆಗೆದ ಚೀಲವನ್ನು ಏನು ಮಾಡುತ್ತೀರಿ?

ಇಷ್ಟು ವರ್ಷದಲ್ಲಿ ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೇಳಬೇಕೆಂದು ಹೊಳೆದೂ ಇರಲಿಲ್ಲ. ಲ್ಯಾಬಿಗೆ ಹೋಗುತ್ತದೆ, ತುಂಡು ತೆಗೆದು ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಇದೆಯೇ ನೋಡುತ್ತಾರೆ, ಉಳಿದದ್ದು ಹಳದಿ ಚೀಲದಲ್ಲಿ ಸುಡಲು ಹೋಗುತ್ತದೆ ಎಂದೆ. "ನಾಯಿ ನರಿ ಬಾಯಿಗೆ ಬೀಳಂಗಿಲ್ಲಲ್ರಿ?" ಎಂದಳು. ಇಲ್ಲವ್ವ ಎಂದೆ. ಆಮೇಲೆ ಪೆನ್ನು ಕೇಳಿದಳು. ಮುಂದಿನ ಸಲ ಪತ್ರ ಅಚ್ಚಿಗೆ ಕೊಟ್ಟಾಗ ಆ ಮೂರೂ ಪ್ರಶ್ನೆ, ಉತ್ತರ ಸೇರಿಸಿ ಕೊಟ್ಟೆವು.